ಕತ್ತಲು, ಕಿಂಡಿ ಮತ್ತು ಕೋಳಿ: ಹಿತ್ತಲ ಗೂಡನ್ನು ಕಾಯುವುದು ಹೇಗೆ?

ಹಿತ್ತಲಲ್ಲಿ ಕೋಳಿ ಸಾಕುವವರು ಒಂದಲ್ಲ ಒಂದು ಬೆಳಿಗ್ಗೆ ಗೂಡಿನ ಮುಂದೆ ಪುಕ್ಕದ ರಾಶಿ ನೋಡಿಯೇ ಇರುತ್ತಾರೆ. ಆಗ ಎಲ್ಲರೂ ಮೊದಲು ಕೇಳುವುದು ‘ಯಾವ ಪ್ರಾಣಿ ಬಂದಿತ್ತು?’ ಎಂದು. ಪ್ರಶ್ನೆ ಸಹಜವೇ. ಆದರೆ ಉತ್ತರ ಸಿಕ್ಕರೂ ಮರುದಿನ ಮಾಡಬೇಕಾದ ಕೆಲಸ ಹೆಚ್ಚೇನೂ ಬದಲಾಗುವುದಿಲ್ಲ. ಕೋಳಿ ತಿನ್ನುವ ಪ್ರಾಣಿಗಳ ಪಟ್ಟಿ ಬಹಳ ಉದ್ದ. ಕೆಲವು ನಾಡುಗಳಲ್ಲಿ ಮುಂಗುಸಿ, ಕಾಡುಬೆಕ್ಕು, ಪುನುಗು. ಇನ್ನು ಕೆಲವು ಕಡೆ ನರಿ, ಕೈಯಂಥ ಮುಂಗಾಲುಗಳಿರುವ ರಕೂನ್, ಮುಂಗುಸಿಯಂತೆ ತೆಳು ಮೈಯ ವೀಸಲ್. ಹೆಚ್ಚುಕಡಿಮೆ ಎಲ್ಲ ಕಡೆಯೂ ನಾಯಿ, ಬೆಕ್ಕು, ಹೆಗ್ಗಣ, ಗಿಡುಗ. ಇವೆಲ್ಲ ಗೂಡಿನೊಳಗೆ ಬರುವ ದಾರಿಗಳ ಪಟ್ಟಿ ಮಾತ್ರ ಬಹಳ ಚಿಕ್ಕದು. ಸಂದಿಯಲ್ಲಿ ನುಸುಳಬೇಕು, ಜಾಲರಿ ಹರಿಯಬೇಕು, ನೆಲ ತೋಡಬೇಕು, ಬಾಗಿಲು ತೆಗೆಯಬೇಕು, ಇಲ್ಲವೇ ಮೇಲಿನಿಂದ ಇಳಿಯಬೇಕು. ದಾರಿಗಳು ಐದೇ. ಬರುವ ಹೊತ್ತು ಎರಡು: ಹಗಲು, ರಾತ್ರಿ. ಪ್ರಾಣಿಯ ಹೆಸರು ಹುಡುಕುತ್ತ ಕೂರುವುದಕ್ಕಿಂತ ಈ ದಾರಿ ಮತ್ತು ಹೊತ್ತುಗಳನ್ನು ಲೆಕ್ಕ ಹಾಕಿ ಮುಚ್ಚುತ್ತ ಹೋದರೆ ಬಹುಪಾಲು ಬೇಟೆಗಾರರಿಗೆ ಒಂದೇ ಏಟಿಗೆ ತಡೆ ಬೀಳುತ್ತದೆ.

ಅದರಲ್ಲೂ ಮೊದಲು ಸರಿ ಮಾಡಿಕೊಳ್ಳಬೇಕಾದದ್ದು ರಾತ್ರಿ. ಅದಕ್ಕೆ ಕಾರಣ ಕೋಳಿಯ ಕಣ್ಣಿನಲ್ಲಿದೆ.

ಕತ್ತಲಲ್ಲಿ ಕೋಳಿಗೆ ಏನಾಗುತ್ತದೆ?

ಹಗಲಿನಲ್ಲಿ ಕೋಳಿಯ ದೃಷ್ಟಿ ನಮ್ಮದಕ್ಕಿಂತ ಶ್ರೀಮಂತ. ಬಣ್ಣ ಗುರುತಿಸುವ ಶಂಕು ಕೋಶಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆ, ಅದರ ಕಣ್ಣಿನಲ್ಲಿ ನಾಲ್ಕು ಬಗೆ. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಕತ್ತು ತಿರುಗಿಸದೆಯೇ ಸುತ್ತಲಿನ ಬಹುಭಾಗ ಅದಕ್ಕೆ ಕಾಣುತ್ತದೆ. ಆಕಾಶದಲ್ಲಿ ಏನಾದರೂ ತೇಲಿದರೆ ತಲೆಯನ್ನು ಓರೆ ಮಾಡಿ ಒಂದೇ ಕಣ್ಣಿನಿಂದ ಮೇಲೆ ನೋಡುತ್ತದೆ. ಕೋಳಿ ಸಾಕಿದ ಯಾರಿಗೂ ಈ ಭಂಗಿ ಹೊಸದಲ್ಲ.

ಬೆಳಕು ಇಳಿಯುತ್ತಿದ್ದಂತೆ ಈ ಸಂಪತ್ತೆಲ್ಲ ಕರಗುತ್ತದೆ. ಮಂದ ಬೆಳಕಿನಲ್ಲಿ ನೋಡುವ ಶಕ್ತಿ ಕೋಳಿಗೆ ತೀರ ಕಡಿಮೆ. ಅದಕ್ಕೇ ಅದು ಯಾರೂ ಕರೆಯದಿದ್ದರೂ ಮುಸ್ಸಂಜೆಗೆ ತಾನಾಗಿ ಗೂಡಿಗೆ ಬಂದು ಕೋಲೇರಿ ಕೂರುತ್ತದೆ. ಪೂರ್ತಿ ಕತ್ತಲಾದ ಮೇಲೆ ಅದು ಓಡುವುದಿಲ್ಲ, ಹಾರುವುದಿಲ್ಲ. ಹಗಲಿನಲ್ಲಿ ಅಂಗಳವೆಲ್ಲ ಸುತ್ತಿಸಿ ಬೆವರಿಳಿಸಿದ ಹುಂಜವನ್ನು ರಾತ್ರಿ ಅಟ್ಟದ ಮೇಲಿಟ್ಟ ಕುಂಬಳಕಾಯಿಯಂತೆ ಎತ್ತಿಕೊಳ್ಳಬಹುದು. ನಮಗೆ ಇದು ಅನುಕೂಲ. ಅದೇ ಅನುಕೂಲ ಕತ್ತಲಲ್ಲಿ ಕಣ್ಣು ಕಾಣುವ ಪ್ರತಿಯೊಂದು ಪ್ರಾಣಿಗೂ ಇದೆ.

ಒಂದೇ ರಾತ್ರಿಯಲ್ಲಿ ಇಡೀ ಗೂಡು ಬರಿದಾಗುವುದು, ಒಂದನ್ನು ತಿಂದು ಹತ್ತನ್ನು ಸುಮ್ಮನೆ ಕೊಂದುಹಾಕಿ ಹೋಗುವುದು ನಡೆಯುವುದೂ ಹೀಗೆಯೇ. ಜನ ಇದನ್ನು ಪ್ರಾಣಿಯ ಕ್ರೌರ್ಯ, ಹಟ, ಸೇಡು ಎಂದೆಲ್ಲ ಕರೆಯುತ್ತಾರೆ. ಪ್ರಾಣಿಶಾಸ್ತ್ರಜ್ಞ ಹ್ಯಾನ್ಸ್ ಕ್ರುಕ್ 1972ರಲ್ಲಿ ಪ್ರಕಟಿಸಿದ ಲೇಖನವೊಂದು ಇದಕ್ಕೆ ಬೇರೆಯೇ ವಿವರಣೆ ಕೊಟ್ಟಿತು. ಇಂಗ್ಲೆಂಡಿನ ಕರಾವಳಿಯಲ್ಲಿ ನೆಲದ ಮೇಲೆ ಗೂಡು ಕಟ್ಟುವ ಕಡಲಕ್ಕಿಗಳನ್ನು ನರಿಗಳು ತಮಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು ಕೊಲ್ಲುತ್ತಿದ್ದವು. ಅದೂ ಅತಿ ಕತ್ತಲಿನ ರಾತ್ರಿಗಳಲ್ಲಿ. ಹಕ್ಕಿಗಳು ಕೂತಲ್ಲೇ ಕೂತಿರುತ್ತಿದ್ದವು. ಕ್ರುಕ್ ಹೇಳಿದ್ದು ಇಷ್ಟು: ಬೇಟೆ ಎಂಬುದು ಒಂದೇ ಕ್ರಿಯೆಯಲ್ಲ. ಹುಡುಕುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು ಇವು ಬೇರೆ ಬೇರೆ ಹಂತಗಳು. ಹೊಟ್ಟೆ ತುಂಬಿದರೆ ಹುಡುಕಾಟ ನಿಲ್ಲುತ್ತದೆ, ಆದರೆ ಎದುರಿಗೇ ಸಿಕ್ಕಿದ್ದನ್ನು ಹಿಡಿದು ಕೊಲ್ಲುವ ಪ್ರವೃತ್ತಿ ನಿಲ್ಲುವುದಿಲ್ಲ. ಕಾಡಿನಲ್ಲಿ ಒಂದು ಹಕ್ಕಿ ಸಿಕ್ಕಿದೊಡನೆ ಉಳಿದವು ಹಾರಿಹೋಗುವುದರಿಂದ ಕೊಲೆ ಅಲ್ಲಿಗೇ ಮುಗಿಯುತ್ತದೆ. ಮುಚ್ಚಿದ ಗೂಡಿನಲ್ಲಿ ಉಳಿದವು ಎಲ್ಲಿಗೂ ಹೋಗಲಾರವು. ಒಳಗೆ ನುಗ್ಗಿದ ಮುಂಗುಸಿಯ ಮುಂದೆ ರೆಕ್ಕೆ ಬಡಿಯುವ ಹಕ್ಕಿಗಳು ಮುಗಿಯುವುದೇ ಇಲ್ಲ.

ಹೀಗಾಗಿ ಗೂಡು ಕೋಳಿಗೆ ಆಸರೆಯೂ ಹೌದು, ಒಂದು ಕಿಂಡಿ ತೆರೆದಿದ್ದರೆ ಬೋನೂ ಹೌದು. ಅರ್ಧಂಬರ್ಧ ಭದ್ರವಾದ ಗೂಡು ಬಯಲಿಗಿಂತ ಅಪಾಯಕಾರಿ ಎಂದರೆ ಅತಿಶಯೋಕ್ತಿಯಲ್ಲ. ಮರವೇರಿ ಕೂತ ಕೋಳಿಗಾದರೂ ಕೆಳಗೆ ಬಿದ್ದು ತಪ್ಪಿಸಿಕೊಳ್ಳುವ ಅವಕಾಶ ಸ್ವಲ್ಪ ಇರುತ್ತದೆ.

ಜಾಲರಿಯ ಕಣ್ಣು

ಕೋಳಿಗೂಡಿಗೆಂದೇ ಮಾರುವ ಆರು ಮೂಲೆ ಕಣ್ಣಿನ ತೆಳು ತಂತಿಯ ಜಾಲರಿ ಇದೆಯಲ್ಲ, ಅದರ ಮೇಲೆ ಜನ ಇಟ್ಟಿರುವ ನಂಬಿಕೆ ನೋಡಿದರೆ ಆಶ್ಚರ್ಯವಾಗುತ್ತದೆ. ಆ ಜಾಲರಿ ಮಾಡಿರುವುದು ಕೋಳಿ ಹೊರಗೆ ಹೋಗದಿರಲಿ ಎಂದು. ಹೊರಗಿನದು ಒಳಗೆ ಬಾರದಿರಲಿ ಎಂಬುದು ಅದರ ಕೆಲಸವೇ ಅಲ್ಲ. ತಂತಿಗಳನ್ನು ಒಂದಕ್ಕೊಂದು ತಿರುಚಿರುತ್ತಾರೆ, ಬೆಸೆದಿರುವುದಿಲ್ಲ. ನಾಯಿ ಹಲ್ಲಿನಲ್ಲಿ ಕಚ್ಚಿ ಎಳೆದರೆ ಒಂದು ಕಣ್ಣು ಬಿಡುತ್ತದೆ, ಆಮೇಲೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ತುಕ್ಕು ಹಿಡಿದ ಮೇಲಂತೂ ಕೈಯಲ್ಲೇ ಹರಿಯಬಹುದು. ಕಣ್ಣು ದೊಡ್ಡದಿದ್ದರೆ ಇನ್ನೊಂದು ತೊಂದರೆ: ರಕೂನಿನಂಥ ಪ್ರಾಣಿ ಹೊರಗಿನಿಂದಲೇ ಕೈ ತೂರಿಸಿ, ಜಾಲರಿಗೆ ಒರಗಿ ಮಲಗಿದ ಕೋಳಿಯನ್ನು ಹಿಡಿದೆಳೆಯುತ್ತದೆ. ಕೋಳಿ ಒಳಗೇ ಉಳಿಯುತ್ತದೆ, ತಲೆ ಮಾತ್ರ ಇರುವುದಿಲ್ಲ.

ಬಳಸಬೇಕಾದದ್ದು ತಂತಿಗಳು ಕೂಡುವ ಪ್ರತಿಯೊಂದು ಜಾಗವನ್ನೂ ಬೆಸೆದು, ಸತುವಿನ ಲೇಪ ಕೊಟ್ಟ ಚೌಕಳಿ ಜಾಲರಿ, ಅಂದರೆ ವೆಲ್ಡ್ ಮೆಶ್. ಕಣ್ಣಿನ ಅಳತೆ ಅರ್ಧ ಇಂಚು, ಸುಮಾರು 13 ಮಿಲಿಮೀಟರ್. ಈ ಅಳತೆ ಸುಮ್ಮನೆ ಬಂದದ್ದಲ್ಲ. ವೀಸಲ್‌ನಂಥ ತೆಳ್ಳಗಿನ ಪ್ರಾಣಿಗೆ ಒಂದು ಇಂಚಿನ ಕಿಂಡಿ ಸಾಕು. ತಲೆ ತೂರಿದರೆ ಮೈ ಹಿಂದೆಯೇ ಬರುತ್ತದೆ. ಇಲಿಗೆ ಸುಮಾರು ಎರಡು ಸೆಂಟಿಮೀಟರ್ ಸಾಕು. ಮೊಟ್ಟೆ ನುಂಗುವಷ್ಟು ದಪ್ಪದ ಹಾವು ಅರ್ಧ ಇಂಚಿನ ಕಣ್ಣಿನಲ್ಲಿ ತೂರುವುದು ಕಷ್ಟ. ಚಿಟ್ಟಿಲಿ ಮಾತ್ರ ಇದಕ್ಕಿಂತ ಸಣ್ಣ ತೂತಿನಲ್ಲೂ ನುಸುಳುತ್ತದೆ. ಅದನ್ನೂ ತಡೆಯಬೇಕೆಂದರೆ ಕಾಲು ಇಂಚಿನ ಕಣ್ಣು ಬೇಕು. ಮರಿಗಳಿರುವ ಪೆಟ್ಟಿಗೆಗೆ ಅದೇ ಒಳ್ಳೆಯದು.

ಜಾಲರಿ ಎಷ್ಟೇ ಗಟ್ಟಿಯಾಗಿರಲಿ, ಅದನ್ನು ಮರಕ್ಕೆ ಹೇಗೆ ಕೂರಿಸಿದ್ದೀರಿ ಎಂಬುದರ ಮೇಲೆ ಉಳಿದದ್ದು ನಿಂತಿದೆ. ಯು ಆಕಾರದ ಸಣ್ಣ ಪಿನ್ನುಗಳನ್ನು ಹೊಡೆದಿದ್ದರೆ ನಾಯಿಯೊಂದು ಭಾರ ಹಾಕಿ ತಳ್ಳಿದಾಗ ಪಟಪಟನೆ ಕಿತ್ತುಬರುತ್ತವೆ. ಸ್ಕ್ರೂ ಮತ್ತು ಅಗಲವಾದ ವಾಷರ್ ಹಾಕಿ ಬಿಗಿಯಬೇಕು, ಇಲ್ಲವೇ ಜಾಲರಿಯ ಅಂಚಿನ ಮೇಲೆ ಮರದ ಪಟ್ಟಿಯಿಟ್ಟು ಅದರ ಮೂಲಕ ಸ್ಕ್ರೂ ಇಳಿಸಬೇಕು. ಗೂಡು ನೋಡಲು ಹೋದಾಗ ಜಾಲರಿಯ ನಡುಭಾಗವನ್ನು ನೋಡಿ ಫಲವಿಲ್ಲ. ಅಂಚಿಗೆ ಅಂಗೈ ಇಟ್ಟು ಮೈಯ ಭಾರ ಬಿಟ್ಟು ನೂಕಬೇಕು. ಎಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೋ ಅದೇ ನಾಳೆಯ ಬಾಗಿಲು.

ಭಯದಿಂದ ಎಲ್ಲ ಕಿಂಡಿಗಳನ್ನೂ ಹಲಗೆ ಬಡಿದು ಮುಚ್ಚುವವರೂ ಇದ್ದಾರೆ. ಅದು ಇನ್ನೊಂದು ಕೇಡು. ರಾತ್ರಿಯಿಡೀ ಹಿಕ್ಕೆಯಿಂದ ಏಳುವ ಅಮೋನಿಯಾ ಮತ್ತು ಉಸಿರಿನ ತೇವ ಹೊರಹೋಗಲು ಗಾಳಿಗಿಂಡಿ ಬೇಕೇ ಬೇಕು. ಅವು ಕೋಳಿಗಳು ಕೂರುವ ಕೋಲಿಗಿಂತ ಮೇಲಿರಲಿ, ಪ್ರತಿಯೊಂದಕ್ಕೂ ವೆಲ್ಡ್ ಮೆಶ್ ಇರಲಿ. ಕೋಲು ಗೋಡೆಯ ಜಾಲರಿಗೆ ಅಂಟಿಕೊಂಡಿರದೆ ಒಂದು ತೋಳಿನ ಉದ್ದಕ್ಕಿಂತ ದೂರದಲ್ಲಿರಲಿ.

ನೆಲ ತೋಡುವವರು

ನರಿ, ನಾಯಿ, ಮುಂಗುಸಿಗಳಿಗೆ ಮಣ್ಣು ಕೆದರುವುದು ಹುಟ್ಟುಗುಣ. ಇವುಗಳನ್ನು ತಡೆಯಲು ಗೋಡೆಯ ಬುಡದಲ್ಲಿ ಒಂದಡಿ ಆಳಕ್ಕೆ ಜಾಲರಿ ಹೂಳುವುದು ಹಳೆಯ ಪದ್ಧತಿ. ಕೆಲಸವಾಗುತ್ತದೆ, ಆದರೆ ಅಗೆಯುವವರ ಬೆನ್ನು ಮುರಿಯುತ್ತದೆ. ಕಲ್ಲುನೆಲವಾದರೆ ಆಗುವುದೇ ಇಲ್ಲ.

ಇದಕ್ಕಿಂತ ಸುಲಭವಾದ ಉಪಾಯ ತೋಡುವ ಪ್ರಾಣಿಯ ಅಭ್ಯಾಸವನ್ನೇ ಬಳಸಿಕೊಳ್ಳುತ್ತದೆ. ಪ್ರಾಣಿ ಗೋಡೆಯ ಬುಡಕ್ಕೆ ಬಂದು ಮೂಗು ತಾಗಿದ ಜಾಗದಲ್ಲೇ ಕೆದರುತ್ತದೆ. ಎರಡಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡೋಣ ಎಂಬ ಆಲೋಚನೆ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಆದ್ದರಿಂದ ಜಾಲರಿಯನ್ನು ಗೋಡೆಯ ಬುಡದಿಂದ ಹೊರಮುಖವಾಗಿ ನೆಲದ ಮೇಲೆ ಒಂದೂವರೆ, ಎರಡು ಅಡಿ ಹಾಸಿ, ಬುಡದಲ್ಲಿ ಗೋಡೆಯ ಜಾಲರಿಗೆ ತಂತಿಯಿಂದ ಹೊಲಿದು, ಹೊರ ಅಂಚನ್ನು ಗೂಟ ಅಥವಾ ಕಲ್ಲಿನಿಂದ ಅದುಮಿಡಬೇಕು. ಮೇಲೆ ಒಂದು ಪದರ ಮಣ್ಣು ಹರಡಿದರೆ ಹುಲ್ಲು ಬೆಳೆದು ಬೇರುಗಳು ಅದನ್ನು ತಾವೇ ಹಿಡಿದುಕೊಳ್ಳುತ್ತವೆ. ಪ್ರಾಣಿ ಎಲ್ಲಿ ಕೆದರಿದರೂ ಉಗುರಿಗೆ ತಂತಿ ತಾಗುತ್ತದೆ. ಗೂಡು ಸಣ್ಣದಾಗಿದ್ದರೆ ನೆಲಕ್ಕೆ ಕಾಂಕ್ರೀಟ್ ಹಾಕಿ ಮೇಲೆ ಹೊಟ್ಟು ಹರಡುವುದೂ ಆಗುತ್ತದೆ.

ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಮರದ ಗೂಡಿಗೆ ಈ ಚಿಂತೆ ಕಡಿಮೆ. ಆದರೆ ನೆಲಕ್ಕೂ ಗೂಡಿನ ತಳಕ್ಕೂ ನಡುವೆ ಒಂದು ಗೇಣು ಮಾತ್ರ ಜಾಗ ಬಿಟ್ಟರೆ ಹೆಗ್ಗಣಗಳಿಗೆ ಮನೆ ಕಟ್ಟಿಕೊಟ್ಟಂತಾಗುತ್ತದೆ. ಬಗ್ಗಿ ನೋಡಿದರೆ ಆಚೆ ಬದಿಯ ಬೆಳಕು ಕಾಣುವಷ್ಟು ಎತ್ತರ ಬೇಕು.

ಬಾಗಿಲು

ಇಷ್ಟೆಲ್ಲ ಮಾಡಿಯೂ ಹೆಚ್ಚಿನ ಕೋಳಿಗಳು ಸಾಯುವುದು ಅಂದು ಸಂಜೆ ಬಾಗಿಲು ಹಾಕಲು ಮರೆತುಹೋದದ್ದರಿಂದ ಎಂಬುದು ನನ್ನ ತಿಳಿವಳಿಕೆ. ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಕೋಳಿ ಸಾಕುವವರನ್ನು ನೋಡಿಯೇ ಹುಟ್ಟಿತೋ ಏನೋ.

ಹಾಕುವ ಹೊತ್ತು ಕೂಡ ಮುಖ್ಯ. ಬಹಳ ಬೇಗ ಹಾಕಿದರೆ ಒಂದೆರಡು ಹೊರಗುಳಿಯುತ್ತವೆ, ತಡವಾದರೆ ಬೇಟೆಗಾರ ನಮಗಿಂತ ಮೊದಲೇ ಬಂದಿರುತ್ತದೆ. ಎಲ್ಲ ಕೋಳಿಗಳೂ ಕೋಲೇರಿ ಕೂತ ಮೇಲೆ, ಪೂರ್ತಿ ಕತ್ತಲಾಗುವ ಮೊದಲು ಸಿಗುವ ಅವಧಿ ಚಿಕ್ಕದು. ಅದು ಋತುವಿನೊಂದಿಗೆ ಸರಿಯುತ್ತಲೂ ಇರುತ್ತದೆ. ಬಾಗಿಲು ಹಾಕುವ ಮುನ್ನ ಎಣಿಸಲೇಬೇಕು. ಗೋಡೆಯ ಆಚೆ ಪೊದೆಯಲ್ಲಿ ಕದ್ದು ಕಾವಿಗೆ ಕೂತ ಹೇಂಟೆ ಎಣಿಕೆಯಲ್ಲಿ ತಪ್ಪುವುದು ಸಾಮಾನ್ಯ. ಅವಳಷ್ಟು ಸುಲಭದ ತುತ್ತು ಇನ್ನೊಂದಿಲ್ಲ, ಏಕೆಂದರೆ ಏನೇ ಬಂದರೂ ಮೊಟ್ಟೆ ಬಿಟ್ಟು ಏಳುವ ಮನಸ್ಸು ಅವಳಿಗಿಲ್ಲ. ಅವಳನ್ನು ಮೊಟ್ಟೆಗಳ ಸಮೇತ ರಾತ್ರಿಯೇ ಒಳಗೆ ಸಾಗಿಸಬೇಕು.

ಬೆಳಕಿನ ಸಂವೇದಕ ಅಥವಾ ಟೈಮರ್ ಇರುವ ಸ್ವಯಂಚಾಲಿತ ಬಾಗಿಲುಗಳು ಈಗ ಸಿಗುತ್ತವೆ. ಪ್ರತಿ ಸಂಜೆ ಮನೆಯಲ್ಲಿರಲು ಆಗದವರಿಗೆ ಅದು ನಿಜವಾಗಿಯೂ ಉಪಕಾರಿ. ಆದರೆ ಅದಕ್ಕೆ ಎಣಿಸಲು ಬರುವುದಿಲ್ಲ. ಬ್ಯಾಟರಿ ಇಳಿದಿದ್ದರೆ, ಹೊಸ್ತಿಲಲ್ಲಿ ಹೊಟ್ಟು ತುಂಬಿ ಬಾಗಿಲು ಪೂರ್ತಿ ಇಳಿಯದಿದ್ದರೆ ಎಷ್ಟೋ ಬಾಗಿಲುಗಳು ತಾವಾಗಿ ತಿಳಿಸುವುದೂ ಇಲ್ಲ. ಟೈಮರ್ ಹೊಂದಿಸಿ ಮರೆತರೆ ಹಗಲು ಕುಗ್ಗುತ್ತ ಬಂದಾಗ ಕತ್ತಲಾದ ಮೇಲೂ ಬಾಗಿಲು ತೆರೆದೇ ಇರುತ್ತದೆ. ಹಾಗಾಗಿ ಮನೆಯಲ್ಲಿರುವ ದಿನಗಳಲ್ಲಾದರೂ ಟಾರ್ಚ್ ಹಿಡಿದು ಒಮ್ಮೆ ಇಣುಕಬೇಕು.

ಚಿಲಕದ ವಿಷಯ. ಮೇಲೆತ್ತಿದರೆ ತೆರೆಯುವ ಕೊಕ್ಕೆ, ಮರದ ತುಂಡನ್ನು ತಿರುಗಿಸುವ ಅಗುಳಿ ಇವನ್ನು ರಕೂನ್ ಬೆರಳುಗಳಿಂದಲೇ ತೆರೆಯುತ್ತದೆ. ನಾಯಿ ಬುದ್ಧಿಯಿಂದಲ್ಲದಿದ್ದರೂ ತಳ್ಳಿ ತಳ್ಳಿ ಬೀಳಿಸುತ್ತದೆ. ಎರಡು ಬೇರೆ ಬೇರೆ ಚಲನೆ ಬೇಕಾಗುವ ಚಿಲಕ, ಉದಾಹರಣೆಗೆ ಮೊದಲು ಒತ್ತಿ ಆಮೇಲೆ ಎಳೆಯುವ ಸ್ಪ್ರಿಂಗ್ ಕೊಂಡಿ ಇದ್ದರೆ ಸಾಕು. ಮೊಟ್ಟೆ ತೆಗೆಯಲು ಹಿಂಬದಿಯಲ್ಲಿಟ್ಟ ಪುಟ್ಟ ಮುಚ್ಚಳಕ್ಕೂ ಅದೇ ಬೇಕು. ಅದನ್ನು ಎಲ್ಲರೂ ಮರೆಯುತ್ತಾರೆ.

ಹಗಲಿನ ಕಾವಲು

ಹಗಲಿನಲ್ಲಿ ಕೋಳಿ ನಿಸ್ಸಹಾಯಕವಲ್ಲ. ಅಪಾಯ ಎಲ್ಲಿಂದ ಬರುತ್ತಿದೆ ಎಂಬುದನ್ನು ಹೇಳುವ ಕೂಗುಗಳೇ ಅದರಲ್ಲಿ ಬೇರೆ ಬೇರೆ ಇವೆ. ಆಕಾಶದಲ್ಲಿ ಗಿಡುಗ ಕಂಡರೆ ಹುಂಜ ಉದ್ದವಾದ, ಸಣ್ಣ ದನಿಯ ಕೀರಲು ಕೂಗು ಹಾಕುತ್ತದೆ. ನೆಲದಲ್ಲಿ ನಾಯಿಯೋ ಬೆಕ್ಕೋ ಕಂಡರೆ ತುಂಡುತುಂಡಾಗಿ ಕೊಕ್ಕರಿಸುತ್ತದೆ. ಪ್ರಾಣಿಗಳ ವರ್ತನೆಯನ್ನು ಅಧ್ಯಯನ ಮಾಡುವ ಕ್ರಿಸ್ಟೋಫರ್ ಇವಾನ್ಸ್, ಪೀಟರ್ ಮಾರ್ಲರ್ ಮತ್ತವರ ಸಂಗಡಿಗರು ಈ ಕೂಗುಗಳ ಧ್ವನಿಮುದ್ರಣವನ್ನಷ್ಟೇ ಹೇಂಟೆಗಳಿಗೆ ಕೇಳಿಸಿ ನೋಡಿದರು; ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಎದುರಿಗೆ ಯಾವ ಪ್ರಾಣಿಯೂ ಇಲ್ಲದಿದ್ದರೂ ಗಿಡುಗದ ಕೂಗಿಗೆ ಅವು ಮರೆಗೆ ಓಡಿ, ಮುದುಡಿ, ಮೇಲೆ ನೋಡಿದವು. ನೆಲದ ಕೂಗಿಗೆ ಕತ್ತು ನೆಟ್ಟಗೆ ಮಾಡಿ ನಿಂತು ಸುತ್ತಲೂ ಕಣ್ಣಾಡಿಸಿದವು. ಹುಂಜ ಒಂಟಿಯಾಗಿದ್ದಾಗಿಗಿಂತ ಹೇಂಟೆ ಹತ್ತಿರವಿದ್ದಾಗ ಗಿಡುಗದ ಕೂಗನ್ನು ಹೆಚ್ಚು ಹಾಕುತ್ತದೆ ಎಂಬುದೂ ಇಂಥ ಪ್ರಯೋಗಗಳಲ್ಲಿ ಕಂಡುಬಂದಿದೆ.

ಇದರಿಂದ ನಮಗೆ ಸಿಗುವ ಪಾಠ ನೇರವಾಗಿದೆ. ಎಚ್ಚರಿಕೆಯ ಗಂಟೆ ಗುಂಪಿನಲ್ಲೇ ಇದೆ, ಓಡಿಹೋಗಿ ಅಡಗಲು ಜಾಗ ಬೇಕು ಅಷ್ಟೆ. ಬೋಳು ಅಂಗಳದ ನಡುವೆ ಬಿಟ್ಟ ಕೋಳಿಗೆ ಕೂಗು ಕೇಳಿಸಿದರೂ ಹೋಗಲು ದಿಕ್ಕಿಲ್ಲ. ಅಲ್ಲಲ್ಲಿ ದಟ್ಟ ಪೊದೆ, ನಾಲ್ಕು ಕಾಲಿನ ಮೇಲೆ ನಿಲ್ಲಿಸಿದ ಹಲಗೆ, ಓರೆಯಾಗಿ ಒರಗಿಸಿದ ತಗಡು, ಹಳೆಯ ಮಂಚ ಏನಾದರೂ ಸರಿ, ಕೆಲವೇ ಹೆಜ್ಜೆಗೆ ಒಂದು ಮರೆ ಸಿಗುವಂತಿರಬೇಕು. ಗಿಡುಗ ಎರಗುವುದು ಕ್ಷಣದ ಕೆಲಸ. ಮರೆಯೊಳಗೆ ನುಗ್ಗಿ ಹಿಡಿಯಲು ಹೆಚ್ಚಿನ ಗಿಡುಗಗಳು ಹೋಗುವುದಿಲ್ಲ. ಆದರೆ ಅದೇ ಪೊದೆ ಬೇಲಿಯ ಅಂಚಿಗೆ ಅಂಟಿಕೊಂಡಿದ್ದರೆ ನರಿಗೂ ಕಾಡುಬೆಕ್ಕಿಗೂ ಹೊಂಚು ಹಾಕಲು ಒಳ್ಳೆಯ ಜಾಗ. ಮರೆ ಅಂಗಳದ ಒಳಗಿರಲಿ, ಬೇಲಿಯ ಉದ್ದಕ್ಕೂ ನೆಲ ಬೋಳಾಗಿರಲಿ. ತಲೆಯ ಮೇಲೆ ಪುಕ್ಕದ ಗೊಂಡೆಯಿರುವ ತಳಿಗಳನ್ನು ಸಾಕಿದವರು ಇನ್ನೂ ಜಾಗ್ರತೆಯಾಗಿರಬೇಕು. ಗೊಂಡೆ ಕಣ್ಣಿಗೆ ಅಡ್ಡ ಬರುವುದರಿಂದ ಮೇಲಿನದು ಅವಕ್ಕೆ ಕಾಣುವುದಿಲ್ಲ.

ಮರಿಗಳನ್ನು ಮಾತ್ರ ಮೇಲೆ ಮುಚ್ಚಿರದ ಜಾಗದಲ್ಲಿ ಬಿಡಲೇಬಾರದು. ದೊಡ್ಡ ಕೋಳಿಯನ್ನು ಎತ್ತಲಾರದ ಕಾಗೆಯೂ ಮರಿಯನ್ನು ಕಚ್ಚಿಕೊಂಡು ಹಾರುತ್ತದೆ. ಅಂಗಳದ ಮೇಲೆ ಬಲೆ ಕಟ್ಟುವುದಾದರೆ ಜೋಲಾಡದಂತೆ ಬಿಗಿಯಾಗಿ, ಎತ್ತರದಲ್ಲಿ ಕಟ್ಟಬೇಕು. ನೆಲದ ಮಟ್ಟದಲ್ಲಿ ಸಡಿಲವಾಗಿ ಬಿದ್ದ ನೈಲಾನ್ ಬಲೆಯಲ್ಲಿ ಹಾವುಗಳು ಸಿಕ್ಕಿಕೊಂಡು ನರಳಿ ಸಾಯುತ್ತವೆ. ಅದನ್ನು ಬಿಡಿಸಲು ಹೋದವರ ಕಥೆಯೂ ಕೆಲವೊಮ್ಮೆ ಆಸ್ಪತ್ರೆಯಲ್ಲಿ ಮುಗಿಯುತ್ತದೆ.

ವಿಶಾಲವಾದ ಜಾಗಕ್ಕೆ ವಿದ್ಯುತ್ ಬೇಲಿಯಷ್ಟು ಪರಿಣಾಮಕಾರಿಯಾದದ್ದು ಬೇರೊಂದಿಲ್ಲ. ಬೇಲಿಗೆಂದೇ ತಯಾರಿಸಿದ ಎನರ್ಜೈಸರ್ ಎಂಬ ಸಾಧನ ಸುಮಾರು ಸೆಕೆಂಡಿಗೊಮ್ಮೆ ಅತಿ ಚಿಕ್ಕ ಅವಧಿಯ ಮಿಡಿತವನ್ನು ತಂತಿಗೆ ಬಿಡುತ್ತದೆ. ವೋಲ್ಟೇಜ್ ಸಾವಿರಗಳಲ್ಲಿದ್ದರೂ ಮಿಡಿತ ಕಣ್ಣು ಮಿಟುಕಿಸುವುದಕ್ಕಿಂತಲೂ ಚಿಕ್ಕದಾಗಿರುವುದರಿಂದ ಪ್ರಾಣಿಗೆ ಚುರುಕು ಮುಟ್ಟುತ್ತದೆ, ಜೀವ ಹೋಗುವುದಿಲ್ಲ. ನರಿ ಹೊಸ ವಸ್ತುವನ್ನು ಪರೀಕ್ಷಿಸುವುದು ಒದ್ದೆ ಮೂಗಿನಿಂದ. ಒಮ್ಮೆ ಮೂಗಿಗೆ ಪೆಟ್ಟು ಬಿದ್ದರೆ ಮತ್ತೆ ಆ ಕಡೆ ಸುಳಿಯಲು ಹಿಂಜರಿಯುತ್ತದೆ. ಹುಲ್ಲು ಬೆಳೆದು ತಂತಿಗೆ ತಾಗಿದರೆ ವಿದ್ಯುತ್ತು ನೆಲಕ್ಕೆ ಸೋರಿಹೋಗುತ್ತದೆ, ಮಣ್ಣು ಒಣಗಿ ಭೂಸಂಪರ್ಕದ ಸರಳು ಕೆಲಸ ಮಾಡದಿದ್ದರೆ ಪೆಟ್ಟು ಬೀಳುವುದಿಲ್ಲ. ವಾರಕ್ಕೊಮ್ಮೆ ಹುಲ್ಲು ಸವರಿ, ಪರೀಕ್ಷಕದಿಂದ ವೋಲ್ಟೇಜ್ ನೋಡಬೇಕು. ಒಂದು ಮಾತನ್ನು ಒತ್ತಿ ಹೇಳಬೇಕು: ಮನೆಗೆ ಬರುವ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಸುವುದು ಕೊಲೆಗೆ ಸಮಾನ. ಅದರಲ್ಲಿ ಮಿಡಿತವಿಲ್ಲ, ಬಿಡುಗಡೆಯಿಲ್ಲ. ಮುಟ್ಟಿದ್ದು ಮಗುವಾದರೂ ಅಷ್ಟೆ, ಮನೆಯವರಾದರೂ ಅಷ್ಟೆ.

ಕಾವಲು ನಾಯಿ ಒಳ್ಳೆಯದೇ, ಮರಿಯಾಗಿದ್ದಾಗಿನಿಂದ ಕೋಳಿಗಳ ಜೊತೆ ಬೆಳೆದಿದ್ದರೆ. ಗಿನಿಕೋಳಿ, ಬಾತುಗಳು ಗದ್ದಲವೆಬ್ಬಿಸುತ್ತವೆ ಅಷ್ಟೆ. ಗದ್ದಲ ಕೇಳಿ ಎದ್ದುಬರುವವರು ಯಾರೂ ಇಲ್ಲದಿದ್ದರೆ ಅದರಿಂದ ಏನು ಪ್ರಯೋಜನ? ಪ್ಲಾಸ್ಟಿಕ್ ಗೂಬೆ, ನೇತುಹಾಕಿದ ಹಳೆಯ ಸಿ.ಡಿ., ರಾತ್ರಿಯಿಡೀ ಹಾಡುವ ರೇಡಿಯೊ, ಮಿನುಗುವ ದೀಪ ಇವೆಲ್ಲ ಹೊಸದರಲ್ಲಿ ಬೆದರಿಸುತ್ತವೆ. ಏನೂ ಆಗುವುದಿಲ್ಲ ಎಂದು ಕಂಡುಕೊಳ್ಳಲು ಹಸಿದ ಪ್ರಾಣಿಗೆ ಹೆಚ್ಚು ದಿನ ಬೇಡ. ಜಾಲರಿಗೆ ಹಾಕಬೇಕಾದ ಹಣವನ್ನು ಇವಕ್ಕೆ ಸುರಿಯಬೇಡಿ.

ಕುರುಹು ಓದುವುದು

ಪ್ರಾಣಿಯ ಹೆಸರಿಗಿಂತ ದಾರಿ ಮುಖ್ಯ ಎಂದೆ. ಕುರುಹುಗಳು ಉಪಯೋಗಕ್ಕೆ ಬರುವುದು ಆ ದಾರಿಯನ್ನು ಹುಡುಕಲು. ಬಿದ್ದ ಪುಕ್ಕಗಳಲ್ಲಿ ದೊಡ್ಡದೊಂದನ್ನು ಎತ್ತಿ ಬುಡದ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ. ಕೊಳವೆ ಪೂರ್ತಿಯಾಗಿದ್ದು, ಕೊಕ್ಕು ಒತ್ತಿದ ಸಣ್ಣ ತಗ್ಗು ಮಾತ್ರ ಕಂಡರೆ ಅದನ್ನು ಕಿತ್ತದ್ದು ಗಿಡುಗ. ಕೊಳವೆ ಮುರಿದು, ಜಗಿದು, ನಾಲ್ಕಾರು ಪುಕ್ಕಗಳು ಜೊಲ್ಲಿನಲ್ಲಿ ಅಂಟಿಕೊಂಡಿದ್ದರೆ ಹಲ್ಲಿರುವ ಪ್ರಾಣಿ. ಮೊದಲನೆಯದಾದರೆ ತಲೆಯ ಮೇಲೆ ನೋಡಬೇಕು, ಎರಡನೆಯದಾದರೆ ನೆಲದ ಸುತ್ತ.

ಕೋಳಿಯೇ ಇಲ್ಲ, ಪುಕ್ಕಗಳ ಜಾಡು ಬೇಲಿಯ ಕಡೆ ಹೋಗಿದೆ ಎಂದರೆ ನರಿಯಂಥದ್ದು ಹೊತ್ತುಕೊಂಡು ಹೋಗಿದೆ. ಜಾಡಿನ ತುದಿಯಲ್ಲೇ ಕಂಡಿ ಇರುತ್ತದೆ. ಹಲವು ಕೋಳಿಗಳು ಅಂಗಳದ ತುಂಬ ಹರಿದು ಬಿದ್ದಿವೆ, ಯಾವುದನ್ನೂ ತಿಂದಿಲ್ಲ ಎಂದರೆ ಸಾಮಾನ್ಯವಾಗಿ ನಾಯಿ, ಕೆಲವೊಮ್ಮೆ ನೆರೆಮನೆಯದೇ. ಹಲವು ಸತ್ತಿವೆ, ಕುತ್ತಿಗೆ ಮತ್ತು ತಲೆಬುಡದಲ್ಲಿ ಸಣ್ಣ ಕಡಿತಗಳಷ್ಟೇ ಇವೆ ಎಂದರೆ ವೀಸಲ್, ಮುಂಗುಸಿಯ ಗಾತ್ರದ್ದು. ಎರಡು ಬೆರಳಿನ ಸಂದಿಗಾಗಿ ಹುಡುಕಿ. ತಲೆ, ಕತ್ತು ಮಾತ್ರ ಇಲ್ಲದ ದೇಹ ಬಯಲಿನಲ್ಲಿ ಬಿದ್ದಿದ್ದರೆ ಗೂಬೆಯನ್ನೂ ಶಂಕಿಸಬೇಕು. ರಾತ್ರಿ ಕೋಳಿಗಳ ಕಾಲ್ಬೆರಳು ಕಚ್ಚಿದ್ದರೆ, ಮರಿಗಳು ಒಂದೊಂದಾಗಿ ಕಾಣೆಯಾಗುತ್ತಿದ್ದರೆ ಹೆಗ್ಗಣ.

ಮೊಟ್ಟೆಗಳಿಗೆ ಬೇರೆ ಲೆಕ್ಕ. ಚಿಪ್ಪೂ ಉಳಿಯದಂತೆ ಮಾಯವಾದರೆ ಹಾವಿನ ಸಂಶಯ, ಏಕೆಂದರೆ ಅದು ಇಡಿಯಾಗಿ ನುಂಗುತ್ತದೆ. ಸಂದಿಯಲ್ಲಿ ಒಳಬಂದು ಮೊಟ್ಟೆ ನುಂಗಿದ ಹಾವು ಹೊಟ್ಟೆ ಉಬ್ಬಿ ಅದೇ ಸಂದಿಯಲ್ಲಿ ಹೊರಹೋಗಲಾಗದೆ ಬೆಳಿಗ್ಗೆ ಮೊಟ್ಟೆಯ ಪೆಟ್ಟಿಗೆಯಲ್ಲೇ ಸುರುಳಿ ಸುತ್ತಿರುವುದುಂಟು. ನೋಡದೆ ಕೈ ಹಾಕುವ ಅಭ್ಯಾಸ ಬಿಡಬೇಕು. ಹಾವು ಕಂಡರೆ ಹಿಡಿಯಲು ಬಲ್ಲವರನ್ನು ಕರೆಯಬೇಕು. ಗೂಡಿನ ಹತ್ತಿರ ಕಲ್ಲಿಗೆ ಒಡೆದ ಚಿಪ್ಪುಗಳು ಬಿದ್ದಿದ್ದರೆ ಮುಂಗುಸಿ ಇರಬಹುದು. ಕೆಲವು ಮುಂಗುಸಿಗಳು ಮೊಟ್ಟೆಯನ್ನು ಹಿಂಗಾಲುಗಳ ನಡುವಿನಿಂದ ಹಿಂದಕ್ಕೆ ಎಸೆದು ಗಟ್ಟಿ ವಸ್ತುವಿಗೆ ಅಪ್ಪಳಿಸಿ ಒಡೆಯುತ್ತವೆ. ಒಡೆದ ಮೊಟ್ಟೆಯ ಲೋಳೆ ಗೂಡಿನಲ್ಲೇ ಇದ್ದು ಕೋಳಿಯ ಕೊಕ್ಕಿಗೂ ಮೆತ್ತಿದ್ದರೆ ಹೊರಗಿನವರನ್ನು ದೂರಬೇಕಿಲ್ಲ.

ಈ ಯಾವ ಕುರುಹೂ ಕೋರ್ಟಿನ ಸಾಕ್ಷಿಯಲ್ಲ. ಕೊಂದದ್ದು ಒಂದು, ಆಮೇಲೆ ಬಂದು ತಿಂದದ್ದು ಇನ್ನೊಂದು ಆಗಿರಬಹುದು. ರೋಗದಿಂದ ಸತ್ತ ಕೋಳಿಯನ್ನು ಬೆಕ್ಕು ತಿಂದಿರಲೂಬಹುದು. ಗಾಯವೇ ಇಲ್ಲದೆ ಒಂದಕ್ಕಿಂತ ಹೆಚ್ಚು ಕೋಳಿಗಳು ಸತ್ತಿದ್ದರೆ ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ನಿಜಕ್ಕೂ ತಿಳಿಯಬೇಕೆಂದರೆ ಚಲನೆ ಕಂಡೊಡನೆ ಕ್ಲಿಕ್ಕಿಸುವ ಕ್ಯಾಮೆರಾ ಒಂದನ್ನು ಗೂಡಿನ ಕಡೆ ಮುಖಮಾಡಿ ಕಟ್ಟುವುದು ಎಲ್ಲ ಊಹೆಗಿಂತ ಒಳ್ಳೆಯದು.

ಇನ್ನು ಕರೆಯದೆ ಬರುವ ಅತಿಥಿಗಳನ್ನು ನಾವೇ ಕರೆಯುವುದೂ ಇದೆ. ರಾತ್ರಿ ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಕಾಳನ್ನು ಮುಚ್ಚಳವಿರುವ ತಗಡಿನ ಡಬ್ಬದಲ್ಲಿಡಬೇಕು, ಸಂಜೆ ಮೇವಿನ ಪಾತ್ರೆ ಎತ್ತಿಡಬೇಕು, ಮೊಟ್ಟೆಯನ್ನು ದಿನವೂ ತೆಗೆಯಬೇಕು. ಇಲಿಗೆ ವಿಷ ಇಡುವ ಮುನ್ನ ಯೋಚಿಸಿ: ವಿಷ ತಿಂದು ತೂಕಡಿಸುವ ಇಲಿಯನ್ನು ಗೂಬೆ ತಿಂದರೆ ಗೂಬೆಯೂ ಸಾಯುತ್ತದೆ, ಇಲಿ ಹಿಡಿಯಲು ಅದಕ್ಕಿಂತ ಒಳ್ಳೆಯ ಕೆಲಸಗಾರ ಸಿಗುವುದಿಲ್ಲ. ಬೇಟೆಗಾರ ಪ್ರಾಣಿಗೇ ವಿಷ ಹಾಕುವುದು, ಉರುಳು ಒಡ್ಡುವುದು ಹಲವು ದೇಶಗಳಲ್ಲಿ ಅಪರಾಧ. ಗಿಡುಗ, ಗೂಬೆಗಳಿಗಂತೂ ಕಾನೂನಿನ ರಕ್ಷಣೆ ವ್ಯಾಪಕವಾಗಿದೆ. ಕಾನೂನು ಬಿಟ್ಟರೂ ಒಂದನ್ನು ಕೊಂದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ, ಕಿಂಡಿ ಹಾಗೆಯೇ ಇರುತ್ತದೆ.

ದಾಳಿಯ ಮರುದಿನ

ಒಮ್ಮೆ ಊಟ ಸಿಕ್ಕಿದ ಜಾಗಕ್ಕೆ ಪ್ರಾಣಿ ಮತ್ತೆ ಬರುತ್ತದೆ, ಹೆಚ್ಚಾಗಿ ಮರುರಾತ್ರಿಯೇ. ಹಾಗಾಗಿ ಬೆಳಿಗ್ಗೆ ಅಳುತ್ತ ಕೂರಲು ಸಮಯವಿಲ್ಲ. ಕಿಂಡಿ ಸಿಕ್ಕರೆ ಅಂದೇ ಮುಚ್ಚಿ. ಸಿಗದಿದ್ದರೆ ಉಳಿದ ಕೋಳಿಗಳನ್ನು ಆ ರಾತ್ರಿ ಸ್ನಾನದ ಮನೆಯಲ್ಲೋ ಕೊಟ್ಟಿಗೆಯ ಕೋಣೆಯಲ್ಲೋ ಕೂಡಿಹಾಕಿ. ಸತ್ತವುಗಳನ್ನು ಆಳವಾಗಿ ಹೂಳಿ. ಬೇಲಿಯಾಚೆ ಎಸೆದರೆ ಇನ್ನಷ್ಟು ಪ್ರಾಣಿಗಳಿಗೆ ಆಹ್ವಾನ.

ಬದುಕುಳಿದವನ್ನು ಒಂದೊಂದಾಗಿ ಮಡಿಲಲ್ಲಿಟ್ಟು ನೋಡಬೇಕು. ಪುಕ್ಕದ ಕೆಳಗಿನ ಕಡಿತ ಹೊರಗೆ ಕಾಣುವುದಿಲ್ಲ. ಬೆನ್ನಿನ ಪುಕ್ಕಗಳನ್ನು ನೀರಿನಲ್ಲಿ ತೋಯಿಸಿ ಬೈತಲೆ ತೆಗೆದಂತೆ ಬಿಡಿಸುತ್ತ ಹೋದರೆ ಹಲ್ಲಿನ ತೂತುಗಳು ಸಿಗುತ್ತವೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಕರಗಿಸಿ ಅದರಿಂದ ಗಾಯ ತೊಳೆಯಬಹುದು. ಆಳವಾದ ತೂತಿನ ಗಾಯ ಮೇಲೆ ಬೇಗ ಮುಚ್ಚಿಕೊಂಡು ಒಳಗೆ ಕೀವಾಗುತ್ತದೆ, ಅಂಥದ್ದಕ್ಕೆ ಪಶುವೈದ್ಯರೇ ಬೇಕು. ಸೆಖೆಯ ದಿನಗಳಲ್ಲಿ ನೊಣ ಕೂರದಂತೆ ನೋಡಿಕೊಳ್ಳದಿದ್ದರೆ ಒಂದೆರಡು ದಿನದಲ್ಲೇ ಹುಳುವಾಗುತ್ತದೆ. ಗಾಯಗೊಂಡ ಕೋಳಿಯನ್ನು ಬೇರೆ ಇಡಲೇಬೇಕು. ರಕ್ತದ ಕೆಂಪು ಕಂಡರೆ ಜೊತೆಯವೇ ಕುಕ್ಕಿ ಕೊಲ್ಲುತ್ತವೆ.

ಮೊಟ್ಟೆ ಕೆಲವು ದಿನ, ಕೆಲವೊಮ್ಮೆ ಕೆಲವು ವಾರ ನಿಲ್ಲುತ್ತದೆ. ಹಳೆಯ ಗೂಡಿಗೆ ಹೋಗಲು ಹೆದರಿ ಕೆಲವು ಮರವೇರುತ್ತವೆ. ಅವನ್ನು ಕತ್ತಲಾದ ಮೇಲೆ ಇಳಿಸಿ ಒಳಗೆ ಕೂರಿಸುತ್ತ, ಸಂಜೆಯ ಕಾಳನ್ನು ಗೂಡಿನೊಳಗೇ ಹಾಕುತ್ತ ಬಂದರೆ ಮತ್ತೆ ರೂಢಿಯಾಗುತ್ತದೆ. ಗಾಯ ಮಾಗಿದ ಕೋಳಿಯನ್ನು ಒಮ್ಮೆಲೇ ಗುಂಪಿಗೆ ಬಿಡಬಾರದು. ಅದು ಇಲ್ಲದ ದಿನಗಳಲ್ಲಿ ಉಳಿದವುಗಳ ಮೇಲುಕೀಳಿನ ಸಾಲು ಬದಲಾಗಿರುತ್ತದೆ. ಕೆಲವು ದಿನ ನಡುವೆ ಜಾಲರಿಯಿಟ್ಟು ಒಂದನ್ನೊಂದು ನೋಡಲು ಬಿಟ್ಟು, ಆಮೇಲೆ ಒಂದು ರಾತ್ರಿ ಉಳಿದವು ಕೋಲಿನ ಮೇಲೆ ಕೂತ ಮೇಲೆ ಪಕ್ಕದಲ್ಲಿ ಕೂರಿಸಿದರೆ ಬೆಳಗಿನ ಜಗಳ ಕುಕ್ಕಾಟದಲ್ಲೇ ಮುಗಿಯುತ್ತದೆ.